ಬಾವಿಗೆ ಬಿದ್ದ ಕಲ್ಲು ಮತ್ತು ಕ್ಯಾಲ್ಕ್ಯುಲಸ್

ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ಬಾವಿಗೆ ಬಿಟ್ಟ ಕಲ್ಲು 2 ಸೆಕೆಂಡಿನಲ್ಲಿ ನೀರು ಮುಟ್ಟಿದರೆ, ಮುಟ್ಟುವಾಗ ಅದರ ವೇಗ ಎಷ್ಟು? ಆಳ 19.6 ಮೀಟರ್ ಎಂದು ಸರಿಯಾಗಿಯೇ ಕಂಡುಹಿಡಿದೆ. ಅದನ್ನು 2ರಿಂದ ಭಾಗಿಸಿ 9.8 ಎಂದು ಬರೆದೆ. ತಪ್ಪು. ಹತ್ತನೇ ತರಗತಿಯವರೆಗೆ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದವನಿಗೆ ಸೈನ್ಸ್ ಬಿಟ್ಟು ಕಾಮರ್ಸ್‌ಗೆ ಹೋಗೋಣವೇ ಅನ್ನಿಸಿದ್ದು ಆ ವಾರವೇ.

ನಮ್ಮ ತೊಂದರೆಯ ಅರ್ಧ ಭಾಗ ಪಾಠಗಳ ಕ್ರಮದಲ್ಲಿದೆ. ಫಿಸಿಕ್ಸ್‌ನಲ್ಲಿ ಸರಳರೇಖೆಯ ಚಲನೆ ವರ್ಷದ ಆರಂಭದಲ್ಲೇ ಬರುತ್ತದೆ. ಅದಕ್ಕೆ ಬೇಕಾದ ಲಿಮಿಟ್ ಮತ್ತು ಡಿರೈವೇಟಿವ್ ಗಣಿತ ಪುಸ್ತಕದ ಕೊನೆಯ ಅಧ್ಯಾಯಗಳಲ್ಲಿವೆ. ಇಂಟಿಗ್ರೇಶನ್ ಅಂತೂ ದ್ವಿತೀಯ ಪಿಯುಸಿಗೆ. ಹಾಗಾಗಿ ಬೋರ್ಡಿನ ಮೇಲೆ 'ಡಿಎಕ್ಸ್ ಬೈ ಡಿಟಿ' ಕಂಡಾಗ ನಾವು ಅದನ್ನು ಒಂದು ಚಿಹ್ನೆ ಎಂದು ಬಾಯಿಪಾಠ ಮಾಡುತ್ತೇವೆ.

ಆ ಕಲ್ಲಿಗೇ ಬರೋಣ. (ಗಾಳಿಯ ತಡೆಯನ್ನು ಬಿಟ್ಟುಬಿಡಿ.) ಬಿದ್ದ ದೂರ 4.9 ಗುಣಿಸು ಕಾಲದ ವರ್ಗ. ನಾನು ಕಂಡುಹಿಡಿದ 9.8 ಇಡೀ ಪ್ರಯಾಣದ ಸರಾಸರಿ ವೇಗ. ಕಲ್ಲು ಮೊದಲು ನಿಧಾನ, ಕೊನೆಗೆ ಜೋರು. ಹಾಗಾದರೆ ಕೊನೆಯ ಒಂದು ಸೆಕೆಂಡಿನ ಸರಾಸರಿ ಮಾತ್ರ ತೆಗೆದರೆ? 14.7 ಬರುತ್ತದೆ. ಕೊನೆಯ 0.1 ಸೆಕೆಂಡಿನದು 19.11. ಕೊನೆಯ 0.01 ಸೆಕೆಂಡಿನದು 19.551. ಕೊನೆಯ 0.001 ಸೆಕೆಂಡಿನದು 19.5951. ಎಲ್ಲಿಗೆ ಹೊರಟಿದೆ ಎಂದು ಕಾಣುತ್ತಿದೆಯಲ್ಲ!

ಅಂತರವನ್ನು ನೇರವಾಗಿ ಸೊನ್ನೆ ಮಾಡಿದರೆ 0 ಭಾಗಿಸು 0 ಆಗಿ ಲೆಕ್ಕ ನಿಂತುಹೋಗುತ್ತದೆ. ಅದಕ್ಕೇ ಅಂತರವನ್ನು ಎಚ್ ಎಂದು ಇಟ್ಟು ಮೊದಲು ಬಿಡಿಸಬೇಕು. ಸರಾಸರಿ ವೇಗ 4.9 × (4 − ಎಚ್) ಎಂದು ಬರುತ್ತದೆ. ಈಗ ಎಚ್ ಸೊನ್ನೆಯ ಹತ್ತಿರಕ್ಕೆ ಹೋಗಲಿ, ವೇಗ ಸೆಕೆಂಡಿಗೆ 19.6 ಮೀಟರ್. ಡಿರೈವೇಟಿವ್ ಎಂದರೆ ಇಷ್ಟೇ. (ಆಳವೂ 19.6, ವೇಗವೂ 19.6 ಆದದ್ದು 2 ಸೆಕೆಂಡಿನ ಆಕಸ್ಮಿಕ. ನನ್ನನ್ನು ಅದೂ ಒಂದು ದಿನ ಗೊಂದಲಕ್ಕೆ ಹಾಕಿತ್ತು.)

'ಚಲನೆಯ ಸೂತ್ರ ಹಾಕಿದರೂ 19.6 ಬರುತ್ತದಲ್ಲ?' ಎಂದು ಗೆಳೆಯನೊಬ್ಬ ಕೇಳಿದ. ನಿಜ, ಆದರೆ ಆ ಸೂತ್ರಗಳು ವೇಗೋತ್ಕರ್ಷ ಬದಲಾಗದಿದ್ದಾಗ ಮಾತ್ರ. ಸ್ಪ್ರಿಂಗ್ ಎಳೆದು ನೋಡಿ. ಎಳೆದಷ್ಟೂ ಬಲ ಹೆಚ್ಚು ಬೇಕು. 0.1 ಮೀಟರ್ ಎಳೆದಾಗ ಬಲ 20 ನ್ಯೂಟನ್ ಆಗಿದ್ದರೆ, ಕೆಲಸ 20 × 0.1 ಅಂದರೆ 2 ಜೌಲ್ ಅಲ್ಲ, 1 ಜೌಲ್. ಬಲ ಸೊನ್ನೆಯಿಂದ ಏರಿದ್ದರಿಂದ ಗ್ರಾಫಿನ ಕೆಳಗೆ ಇರುವುದು ಆಯತವಲ್ಲ, ತ್ರಿಭುಜ. ಆ ವಿಸ್ತೀರ್ಣವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಕೂಡಿಸುವುದೇ ಇಂಟಿಗ್ರೇಶನ್.

ಈ ಯುಕ್ತಿ ನ್ಯೂಟನ್‌ಗಿಂತ ಹಳೆಯದು. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಥಮ್ ಅವರನ್ನು ನಾವು ಬೆಳಕಿನ ಪಾಠದಲ್ಲಷ್ಟೇ ನೆನೆಯುತ್ತೇವೆ. ಪ್ಯಾರಾಬೋಲಾ ತಿರುಗಿ ಉಂಟಾಗುವ ಘನಾಕೃತಿಯನ್ನು ತೆಳುವಾದ ಬಿಲ್ಲೆಗಳಾಗಿ ಸೀಳಿ, ಅವುಗಳನ್ನು ಕೂಡಿಸಿ ಗಾತ್ರ ಕಂಡುಹಿಡಿದವರೂ ಅವರೇ. ಆದರೆ ಡಿರೈವೇಟಿವ್ ಮತ್ತು ಇಂಟಿಗ್ರೇಶನ್ ಒಂದಕ್ಕೊಂದು ವಿಲೋಮ ಎಂದು ಗುರುತಿಸಿ ಸಾಮಾನ್ಯ ನಿಯಮ ಕೊಟ್ಟವರು ಹದಿನೇಳನೇ ಶತಮಾನದ ನ್ಯೂಟನ್ ಮತ್ತು ಲೈಬ್ನಿಜ್.

ಪ್ರಥಮ ಪಿಯುಸಿಗೆ ಈಗಷ್ಟೇ ಸೇರಿದ ತಮ್ಮ ತಂಗಿಯರು ಗಣಿತದ ಪಾಠ ಬರುವವರೆಗೆ ಕಾಯಬೇಡಿ. ಘಾತದ ನಿಯಮ ಒಂದನ್ನೇ ಕಲಿತರೂ ಚಲನೆಯ ಅಧ್ಯಾಯಕ್ಕೆ ಬಹುಪಾಲು ಸಾಕು. ಅದಕ್ಕೂ ಮೊದಲು ಕ್ಯಾಲ್ಕ್ಯುಲೇಟರ್ ಹಿಡಿದು, ಕಲ್ಲು 1.5 ಸೆಕೆಂಡಿನಲ್ಲಿ ಮುಟ್ಟುವ ಬಾವಿಗೆ ಇದೇ ಲೆಕ್ಕವನ್ನು ಅಂತರ ಕಿರಿದಾಗಿಸುತ್ತಾ ಮಾಡಿ. 14.7ರ ಕಡೆಗೆ ಹೋಗಬೇಕು.