ರಸ್ತೆ ಅಗಲವಾದರೆ ಟ್ರಾಫಿಕ್ ಕರಗುತ್ತದೆಯೇ?

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಪ್ರಸ್ತಾವ ಪರ-ವಿರೋಧದ ಚರ್ಚೆಗೆ ಕಾರಣವಾಗಿದೆ. ಇಂಥ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುವ ನಾಲ್ಕು ನಂಬಿಕೆಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ರಸ್ತೆ ಅಗಲಿಸಿ ಫ್ಲೈಓವರ್ ಕಟ್ಟಿದರೆ ದಟ್ಟಣೆ ತಗ್ಗುತ್ತದೆ.

ಸತ್ಯ: ಆ ನೆಮ್ಮದಿ ಹೆಚ್ಚು ಕಾಲ ಉಳಿಯುವುದಿಲ್ಲ. ದಾರಿ ಸಲೀಸಾಯಿತೆಂದು ಗೊತ್ತಾದೊಡನೆ ಬಸ್ಸಿನವರು ಕಾರು ತೆಗೆಯುತ್ತಾರೆ. ದಟ್ಟಣೆಗೆ ಅಂಜಿ ಬೇಗ ಹೊರಡುತ್ತಿದ್ದವರೂ ಒಂಬತ್ತು ಗಂಟೆಗೇ ರಸ್ತೆಗಿಳಿಯುತ್ತಾರೆ. ಊರಾಚೆ ಹೊಸ ಬಡಾವಣೆಗಳು ಏಳುತ್ತವೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ 2008ರಲ್ಲಿ ವಿಸ್ತಾರಗೊಂಡು, ಪಕ್ಕದ ರಸ್ತೆಗಳೂ ಸೇರಿ ಕೆಲವೆಡೆ 26 ಪಥಗಳಷ್ಟಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಬೆಳಗು-ಸಂಜೆಯ ಪ್ರಯಾಣ ಮತ್ತೆ ನಿಧಾನವಾಯಿತು. ದಕ್ಷಿಣ ಕೊರಿಯಾದ ಸೋಲ್ ನಗರ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. 2003ರಲ್ಲಿ ಚೊಂಗ್ಯೆಚೊನ್ ತೊರೆಯ ಮೇಲಿನ ಎತ್ತರದ ಹೆದ್ದಾರಿಯನ್ನು ಕೆಡವಲು ಶುರುಮಾಡಿ, 2004ರಲ್ಲಿ ಬಸ್ ವ್ಯವಸ್ಥೆಯನ್ನು ಸುಧಾರಿಸಿತು. 2005ರಲ್ಲಿ ತೊರೆ ಜನರಿಗೆ ತೆರೆಯಿತು. ಹಲವರು ಹೆದರಿದಂತೆ ನಗರವೇನೂ ಸ್ತಬ್ಧವಾಗಲಿಲ್ಲ.

ತಪ್ಪು ಕಲ್ಪನೆ 2: ಎಲ್ಲರೂ ಎಲೆಕ್ಟ್ರಿಕ್ ಕಾರಿಗೆ ಬದಲಾದರೆ ಸಮಸ್ಯೆ ಮುಗಿಯಿತು.

ಸತ್ಯ: ಎಲೆಕ್ಟ್ರಿಕ್ ವಾಹನ ಹೊಗೆ ಉಗುಳುವುದಿಲ್ಲ, ಅದು ನಿಜವಾದ ಲಾಭ. ಕರ್ನಾಟಕ 2017ರಲ್ಲೇ ಇದಕ್ಕೊಂದು ನೀತಿ ರೂಪಿಸಿದ್ದೂ ಒಳ್ಳೆಯದಾಯಿತು. ಆದರೆ ಟೈರು ಸವೆದು ಏಳುವ ಕಣ, ರಸ್ತೆಯ ಧೂಳು ಹಾಗೆಯೇ ಉಳಿಯುತ್ತವೆ. ಜಾಮ್‌ನಲ್ಲಿ ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಕಾರಿನಷ್ಟೇ ಜಾಗ ನುಂಗುತ್ತದೆ. ಹತ್ತಾರು ಜನರನ್ನು ಒಟ್ಟಿಗೆ ಒಯ್ಯುವ ಎಲೆಕ್ಟ್ರಿಕ್ ಬಸ್ ಹೊಗೆಯ ಜೊತೆ ದಟ್ಟಣೆಯನ್ನೂ ಇಳಿಸಬಲ್ಲದು.

ತಪ್ಪು ಕಲ್ಪನೆ 3: ಬಸ್ಸಿಗೇ ಒಂದು ಪಥ ಬಿಟ್ಟುಕೊಟ್ಟರೆ ಉಳಿದವರಿಗೆ ಅನ್ಯಾಯ.

ಸತ್ಯ: ವಾಹನ ಬಿಟ್ಟು ತಲೆ ಎಣಿಸಿ ನೋಡಿ. ಹೆಚ್ಚಾಗಿ ಕಾರುಗಳೇ ಓಡುವ ಒಂದು ಪಥ ಗಂಟೆಗೆ ಸುಮಾರು 600ರಿಂದ 1,600 ಜನರನ್ನು ದಾಟಿಸುತ್ತದೆ. ಅದನ್ನೇ ಬಸ್ಸಿಗೆ ಮೀಸಲಿಟ್ಟು ಬಸ್ಸುಗಳನ್ನು ಬೆನ್ನುಬೆನ್ನಿಗೆ ಓಡಿಸಿದರೆ 4,000ದಿಂದ 8,000 ಜನ ದಾಟಬಹುದು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2019ರಲ್ಲಿ ಇಂಥ ಪಥ ಆರಂಭವಾಗಿತ್ತು. ಮೆಟ್ರೊ ಕಾಮಗಾರಿ ಬಂದಾಗ ಅದು ಕಾಣೆಯಾಯಿತು. ಅದನ್ನು ಮರಳಿ ತರಬೇಕು.

ತಪ್ಪು ಕಲ್ಪನೆ 4: ಪರಿಸರದ ಮಾತಾಡುವವರು ಅಭಿವೃದ್ಧಿಯ ವಿರೋಧಿಗಳು.

ಸತ್ಯ: ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರಗಳು ಉರುಳಲಿದ್ದವು. 2016ರ ಅಕ್ಟೋಬರಿನಲ್ಲಿ ನಾಗರಿಕರು ಕೈ ಕೈ ಹಿಡಿದು ನಿಂತು ಬೇಡವೆಂದರು. ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ ನಾಗರಿಕರು ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗೂ ಹೋರಾಡಿದರು. ಅವರು ಓಡಾಟವನ್ನು ವಿರೋಧಿಸಲಿಲ್ಲ. ಮರ ಉಳಿಸಿಕೊಂಡೇ ಹೆಚ್ಚು ಜನ ಓಡಾಡುವ ದಾರಿ ಕೇಳಿದರು.

ಕಾರೇ ಬೇಡವೆಂಬುದು ಇಲ್ಲಿನ ವಾದವಲ್ಲ. ಆಸ್ಪತ್ರೆಗೆ ಧಾವಿಸುವವರಿಗೆ, ನಡೆಯಲಾಗದ ಹಿರಿಯರಿಗೆ, ರಾತ್ರಿ ಪಾಳಿಯವರಿಗೆ ಅದು ಬೇಕು. ಬಸ್ಸು, ರೈಲು ಹಿಡಿಯಬಲ್ಲವರು ಅವನ್ನು ಹಿಡಿದರೆ ಇವರಿಗೂ ರಸ್ತೆ ಬಿಡುವಾಗುತ್ತದೆ. ವಾಹನಗಳಿಗಿಂತ ಜನರ ಸಂಚಾರ ಮುಖ್ಯವೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಸಾರಿದೆ. ಹಾಗಾಗಿ ಸುರಂಗವಿರಲಿ, ಮೇಲ್ಸೇತುವೆಯಿರಲಿ, ಟೆಂಡರಿಗೆ ಮೊದಲೇ ಸರ್ಕಾರ ಎರಡು ಲೆಕ್ಕ ಜನರ ಮುಂದಿಡಬೇಕು: ಗಂಟೆಗೆ ಎಷ್ಟು ಜನ ದಾಟುತ್ತಾರೆ? ಅಷ್ಟೇ ಹಣಕ್ಕೆ ಬಸ್ಸು, ರೈಲು, ಫುಟ್‌ಪಾತ್ ಕೊಟ್ಟರೆ ಎಷ್ಟು ಜನ ದಾಟುತ್ತಾರೆ? ಈ ಲೆಕ್ಕ ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ಇದೆ.