ಬಹುಹಸ್ತಾಂಕಿತ ಕೋಶವೂ ಕರಾರಿನ ತಿದ್ದುಪಡಿಯೂ

ಸಾಲಪತ್ರವನ್ನು ಬರೆದು ಮುಗಿಸಿದ ತರುವಾಯ, ಮೇಲೆ ಬರೆದಿರುವುದು ತನಗೆ ಸಮ್ಮತವೆಂದು ಸಾಲಗಾರನು ಸ್ವಹಸ್ತದಿಂದ ಹೆಸರನ್ನಿಡತಕ್ಕದ್ದೆಂದೂ, ಸಾಕ್ಷಿಗಳೂ ತಂತಮ್ಮ ಕೈಯಿಂದಲೇ ಬರೆಯತಕ್ಕದ್ದೆಂದೂ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವಿಧಿಸಿದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನಾದ್ದರಿಂದ ಕನ್ನಡನಾಡಿಗೆ ಈ ವಿಚಾರವು ಹೊಸದಲ್ಲ. ಸಮ್ಮತಿಯು ‘ಮೇಲೆ ಬರೆದಿರುವುದಕ್ಕೆ’ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ನಮ್ಮ ತಲಘಟ್ಟಪುರದ ಕಂಪ್ಯೂಟರ್ ಉದ್ಯೋಗದ ತರುಣರ ಬಾಯಲ್ಲಿ ಕೇಳಿಬರುವ ಮಲ್ಟಿಸಿಗ್ ವ್ಯಾಲೆಟ್ ಎಂಬುದನ್ನು ವಿಚಾರಿಸೋಣ. ಬ್ಲಾಕ್‌ಚೈನ್ ಎಂದರೆ ಅನೇಕ ಯಂತ್ರಗಳಲ್ಲಿ ಏಕರೂಪವಾಗಿ ಉಳಿಯುವ ಲೆಕ್ಕದ ಕಡತ. ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ಅದರಲ್ಲಿ ಬರೆದ, ತಾನೇ ನಡೆಯುವ ಕರಾರು. ಶಿಲಾಶಾಸನದಂತೆ ಅದನ್ನು ಒಮ್ಮೆ ಬರೆದರೆ ತಿದ್ದಲಾಗದು. ದೋಷ ಕಂಡುಬಂದರೆ ಗತಿಯೇನು? ಹಣವನ್ನು ಪ್ರಾಕ್ಸಿ ಎಂಬ ಹೊರಗಿನ ಕರಾರಿನಲ್ಲಿರಿಸಿ, ವಿಧಿಗಳನ್ನು ಬೇರೊಂದು ಕರಾರಿನಲ್ಲಿ ಬರೆದು, ಹೊರಗಿನದರಲ್ಲಿ ಅದರ ವಿಳಾಸವನ್ನು ನಮೂದಿಸುವರು. ಆ ವಿಳಾಸವನ್ನು ಬದಲಿಸುವುದೇ ತಿದ್ದುಪಡಿ. ಹೀಗಿರುವಲ್ಲಿ ವಿಳಾಸವನ್ನು ಬದಲಿಸಬಲ್ಲವನೇ ಸಮಸ್ತ ಕೋಶಕ್ಕೂ ಒಡೆಯನು. ಆದಕಾರಣ ಆ ಅಧಿಕಾರವನ್ನು ಒಬ್ಬನಿಗೆ ಕೊಡದೆ, ಐವರಲ್ಲಿ ಮೂವರೋ ಆರು ಮಂದಿಯಲ್ಲಿ ನಾಲ್ವರೋ ತಂತಮ್ಮ ಗುಪ್ತ ಕೀಲಿಯಿಂದ ರುಜು ಮಾಡಿದ ಹೊರತು ಏನೂ ನಡೆಯದಂತೆ ಕಟ್ಟುವರು. ಎಲ್ಲರ ರುಜುವನ್ನೂ ಬೇಡದಿರುವುದು ಜಾಣತನವೇ. ಒಬ್ಬನ ಕೀಲಿ ಕಳೆದರೂ ಕೋಶವು ಮುಚ್ಚಿಹೋಗದು.

2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ವಿನಿಮಯ ಸಂಸ್ಥೆಯ ಇಂತಹದೇ ಒಂದು ಕೋಶವು ಬರಿದಾಯಿತು. ರುಜುದಾರರು ಆರು: ಐವರು ಸಂಸ್ಥೆಯವರು, ಆರನೆಯದು ಲಿಮಿನಲ್ ಎಂಬ ಕೋಶರಕ್ಷಕ ಸಂಸ್ಥೆ. ಸಂಸ್ಥೆಯ ಮೂರು, ಲಿಮಿನಲ್ಲಿನದೊಂದು, ಹೀಗೆ ನಾಲ್ಕು ರುಜುಗಳು ಬೇಕು. ನಾಲ್ಕೂ ಬಿದ್ದವು! ತೆರೆಯ ಮೇಲೆ ಕಂಡ ಪಾಠವೇ ಬೇರೆ, ರುಜು ಬಿದ್ದ ಪಾಠವೇ ಬೇರೆ ಎಂದು ವಜೀರ್‌ಎಕ್ಸ್ ಹೇಳಿತು. ದೋಷ ತನ್ನದಲ್ಲವೆಂದು ಲಿಮಿನಲ್ ವಾದಿಸಿತು. ಅದೇನೇ ಇರಲಿ, ರುಜು ಬಿದ್ದದ್ದು ವಿಳಾಸವನ್ನು ಚೋರನ ಕರಾರಿಗೆ ತಿರುಗಿಸುವ ತಿದ್ದುಪಡಿಗೆ. 23 ಕೋಟಿ ಡಾಲರಿಗೂ ಮಿಕ್ಕ ಸ್ವತ್ತು ಹೋಯಿತು. ಬೆಂಗಳೂರಿನ ಕಾಯಿನ್‌ಸ್ವಿಚ್ ಸಂಸ್ಥೆಯ ಹಣವೂ ಅಲ್ಲಿ ಸಿಕ್ಕಿಬಿದ್ದಿತು. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಂಬ ವಿದೇಶೀ ಸಂಸ್ಥೆಯ ಕೋಶಕ್ಕೂ ಇದೇ ಗತಿಯಾಯಿತು.

ಪಾಠಭೇದವನ್ನು ಬಲ್ಲ ನಮ್ಮ ವಿದ್ವಾಂಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದ ಅಂಕಿಗಳ ಮುಂದೆ ಆ ರುಜುದಾರರೆಲ್ಲರೂ ಲಿಪಿಯರಿಯದ ಸಾಕ್ಷಿಗಳೇ. ಅಂತಹ ಸಾಕ್ಷಿಯು ಇತರ ಸಾಕ್ಷಿಗಳ ಸಮ್ಮುಖದಲ್ಲಿ ಬೇರೊಬ್ಬ ಸಾಕ್ಷಿಯಿಂದ ಬರೆಯಿಸಬೇಕೆಂಬುದು ನಾರದನ ಮತ. ಈಗಿನವರು ಕಂಡುಕೊಂಡ ಉಪಾಯವೂ ಅದಕ್ಕೆ ದೂರವಲ್ಲ: ಪ್ರತಿಯೊಬ್ಬ ರುಜುದಾರನೂ ಪ್ರತ್ಯೇಕವಾದ ಇನ್ನೊಂದು ಯಂತ್ರದಲ್ಲಿ ಪಾಠವನ್ನು ಬಿಡಿಸಿ ತಾಳೆನೋಡುವನು; ತಿದ್ದುಪಡಿಯಾದರೆ, ರುಜುಗಳು ಪೂರ್ಣವಾದ ಮೇಲೂ ಗೊತ್ತಾದ ಕಾಲ ಕಳೆಯುವವರೆಗೆ ಅದು ಜಾರಿಗೆ ಬಾರದಂತೆ ಕರಾರಿನಲ್ಲಿಯೇ ಬರೆದಿಡುವರು.