ಹೊಸ ರೌಟರ್ ಜೋಡಿಸಿದರೆ ಇದ್ದ ಇಂಟರ್‌ನೆಟ್ಟೂ ನಿಲ್ಲುವುದೇಕೆ?

ಕಾಸರಗೋಡು: ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದೆ. ಮೇಲಿನ ಮಹಡಿಗೆ ಸಿಗ್ನಲ್ ಸಾಲದೆಂದು ಪೇಟೆಯಿಂದ ಇನ್ನೊಂದು ರೌಟರ್ ತಂದು ಜೋಡಿಸಿದರೆ ಕೆಲವೊಮ್ಮೆ ಇದ್ದ ಇಂಟರ್‌ನೆಟ್ಟೂ ನಿಂತುಹೋಗುತ್ತದೆ. ರೌಟರ್ ಹಾಳೆಂದು ಅಂಗಡಿಗೆ ಮರಳಿಸುವವರಿದ್ದಾರೆ. ಹಾಗೆ ಮಾಡುವ ಮೊದಲು ವಿಳಾಸದ ಲೆಕ್ಕವನ್ನೊಮ್ಮೆ ನೋಡುವುದು ಒಳ್ಳೆಯದು.

ಇಂಟರ್‌ನೆಟ್‌ಗೆ ಸೇರುವ ಪ್ರತಿ ಯಂತ್ರಕ್ಕೂ ಐಪಿ ವಿಳಾಸ ಬೇಕು. ಐಪಿವಿ4 ಪದ್ಧತಿಯಲ್ಲಿ ಇರುವುದು ಒಟ್ಟು ಸುಮಾರು 429 ಕೋಟಿ ವಿಳಾಸ, ಲೋಕದ ಜನಸಂಖ್ಯೆಗಿಂತ ಕಡಿಮೆ. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲೇ ಹಂಚಿಹೋದವು. ಈ ಕೊರತೆಯನ್ನು ಮುಂಗಂಡು 1994ರಲ್ಲಿ ತಂತ್ರಜ್ಞರು ಪ್ರಕಟಿಸಿದ ಉಪಾಯವೇ ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್, ಚುಟುಕಾಗಿ ನ್ಯಾಟ್.

ಗಲ್ಫಿನಿಂದ ಕಾಗದ ಬರುತ್ತಿದ್ದ ಕಾಲ ನೆನಪಿದೆಯೇ? ಗುಡ್ಡದಾಚೆಯ ಮನೆಗಳಿಗೆಲ್ಲ ರಸ್ತೆ ಬದಿಯ ಅಂಗಡಿಯೇ 'ಕೇರಾಫ್'. ಯಾವ ಕಾಗದ ಯಾವ ಮನೆಗೆಂದು ಅಂಗಡಿಯವರಿಗೆ ಗೊತ್ತು. ರೌಟರಿನದ್ದೂ ಅದೇ ಕೆಲಸ. 192.168.1.112 ಎಂಬ ಒಳವಿಳಾಸದ ಮೊಬೈಲ್ ಹೊರಗಿನಿಂದ ಏನನ್ನಾದರೂ ಕೇಳಿದರೆ, ರೌಟರ್ ಅದರ ವಿಳಾಸ ತೆಗೆದು ತನ್ನದನ್ನು ಹಾಕಿ, ಒಂದು ಪೋರ್ಟ್ ಸಂಖ್ಯೆ ಕೊಟ್ಟು ಪಟ್ಟಿಯಲ್ಲಿ ಗುರುತಿಡುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಆ ಮೊಬೈಲಿಗೇ ತಲುಪಿಸುತ್ತದೆ. ಕೇಳದೆ ಬಂದದ್ದು ಪಟ್ಟಿಯಲ್ಲಿಲ್ಲ, ಹಾಗಾಗಿ ಹೊರಗೇ ಉಳಿಯುತ್ತದೆ.

ಮನೆಯೊಳಗಿನ ಬಳಕೆಗೆಂದು 10ರಿಂದ ಆರಂಭವಾಗುವ, 172.16ರಿಂದ 172.31ರವರೆಗಿನ ಹಾಗೂ 192.168ರ ವಿಳಾಸಗಳನ್ನು ಮೀಸಲಿಡಲಾಗಿದೆ. ನೆರೆಮನೆಯಲ್ಲೂ ಇದೇ ಸಂಖ್ಯೆಗಳಿದ್ದರೆ ತೊಂದರೆಯಿಲ್ಲ. ಒಂದೇ ಮನೆಯೊಳಗೆ ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಬಿದ್ದರೆ ಜಗಳ ಶುರು. ಹಳೆಯದು, ಹೊಸದು ಎರಡೂ ರೌಟರ್‌ಗಳು 192.168.1.1 ಎಂದು ಕುಳಿತರೆ ಆಗುವುದು ಇದೇ.

ಪರಿಹಾರ ಕಷ್ಟದ್ದಲ್ಲ. ಹೊಸ ರೌಟರಿನಲ್ಲಿ 'ಆಕ್ಸೆಸ್ ಪಾಯಿಂಟ್' ಆಯ್ಕೆ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ಅದರ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಹಳೆಯದರಿಂದ ಬರುವ ಕೇಬಲನ್ನು ವಾನ್ ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಹಾಕಬೇಕು. ವಿಳಾಸ ಹಂಚುವ ಯಜಮಾನಿಕೆ ಹಳೆಯ ರೌಟರಿಗೇ ಇರಲಿ. ಅದರಲ್ಲಿ ಮಾಸ್ಕ್ 255.255.255.0 ಇದ್ದರೆ 254 ವಿಳಾಸ ಸಿಗುತ್ತದೆ, ಮನೆಗೆ ಧಾರಾಳ. ಡಿಎಚ್‌ಸಿಪಿಗೆ 100ರಿಂದ 200 ಬಿಟ್ಟುಕೊಟ್ಟು, ಪ್ರಿಂಟರ್, ಕ್ಯಾಮರಾಗಳಿಗೆ 20, 21 ಎಂದು ಕಾಯಂ ಸಂಖ್ಯೆ ಕೊಟ್ಟರೆ ಗೊಂದಲವಿರದು.

ಇನ್ನು ಅಂಗಡಿಯ ಕ್ಯಾಮರಾವನ್ನು ದುಬೈಯಲ್ಲಿ ಕುಳಿತು ನೋಡುವ ಆಸೆ. ಇದಕ್ಕೆ ರೌಟರಿನಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಮಾಡಿ ಸೋತವರು ಮೊದಲು ವಾನ್ ವಿಳಾಸ ಗಮನಿಸಬೇಕು. ಅದು 10ರಿಂದ ಆರಂಭವಾಗಿದ್ದರೆ ಅಥವಾ 100.64ರಿಂದ 100.127ರೊಳಗಿದ್ದರೆ, ಇಂಟರ್‌ನೆಟ್ ಕೊಡುವ ಕಂಪೆನಿಯೂ ತನ್ನಲ್ಲಿ ಇನ್ನೊಂದು ನ್ಯಾಟ್ ನಡೆಸುತ್ತಿದೆ ಎಂದರ್ಥ. ಹಲವು ಮನೆಗಳಿಗೆ ಹೊರವಿಳಾಸ ಒಂದೇ. ಆಗ ನಿಮ್ಮ ರೌಟರಿನಲ್ಲಿ ಎಷ್ಟು ತಿದ್ದಿದರೂ ಐಪಿವಿ4 ಮೂಲಕ ಹೊರಗಿನವರಿಗೆ ದಾರಿ ಸಿಗದು. ಕಂಪೆನಿಯಿಂದ ಸಾರ್ವಜನಿಕ ಐಪಿ ಕೇಳಿ ಪಡೆಯಬೇಕು, ಸಾಮಾನ್ಯವಾಗಿ ಅದಕ್ಕೆ ಬೇರೆ ಹಣ. ಇಲ್ಲವೇ ತಯಾರಕರ ಸರ್ವರ್ ಮೂಲಕ ಮೊಬೈಲಿಗೆ ಚಿತ್ರ ಕಳುಹಿಸುವ ಕ್ಯಾಮರಾ ಕೊಳ್ಳಬೇಕು. ಅದು ಒಳಗಿನಿಂದ ತಾನಾಗಿ ಹೊರಗೆ ಸಂಪರ್ಕ ಮಾಡುವುದರಿಂದ ನ್ಯಾಟ್ ಅಡ್ಡಿಯಾಗುವುದಿಲ್ಲ.